ಕಾಲರ್ ಆದ ಕೊನೆಯ ಪುಟ

ನಮ್ಮ ಮಗಳಿಗೆ ಮನೆಯಲ್ಲಿ ರೇಡಿಯೊ ಅಂತ ಹೆಸರು. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದರೆ ದಿಂಬಿಗೆ ತಲೆ ಕೊಡುವವರೆಗೆ ನಿಲ್ಲುವುದಿಲ್ಲ; ಬಾಯಲ್ಲಿ ಬ್ರಷ್ ಇದ್ದರೂ ಸುದ್ದಿ ಪ್ರಸಾರವಾಗುತ್ತಲೇ ಇರುತ್ತದೆ. ಹಾಗಾಗಿ ಶಾಲೆಯ ಭಾಷೆ ಮೇಷ್ಟ್ರು ನನ್ನನ್ನು ಕರೆಸಿ, ನಿಮ್ಮ ಮಗಳು ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ ಎಂದಾಗ, ನನ್ನ ಹಿಂದೆ ನಿಂತಿದ್ದ ಬೇರೆ ಯಾರಿಗೋ ಹೇಳುತ್ತಿದ್ದಾರೆ ಎಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಹಿಂದೆ ಯಾರೂ ಇರಲಿಲ್ಲ.

ಉತ್ತರ ಗೊತ್ತಿಲ್ಲ ಅಂತಲ್ಲವಂತೆ. ಗೊತ್ತಿದ್ದರೆ ಪಕ್ಕದಲ್ಲಿ ಕೂರುವ ಗೆಳತಿಯ ಕಿವಿಯಲ್ಲಿ ಪಿಸುಗುಟ್ಟುತ್ತಾಳಂತೆ, ಆ ಹುಡುಗಿ ಎದ್ದು ನಿಂತು ಇಡೀ ತರಗತಿಗೆ ಸಾರುತ್ತಾಳಂತೆ. ಆ ಗೆಳತಿಗೆ ಶಾಲೆಯಲ್ಲಿ ಲೌಡ್‌ಸ್ಪೀಕರ್ ಎಂದೇ ಹೆಸರು ಬಿದ್ದಿತ್ತು. ಇಷ್ಟು ದಿನ ಇದು ಹೇಗೋ ನಡೆದುಕೊಂಡು ಬಂದಿತ್ತು. ಈ ಸಲ ಮಾತ್ರ ನಡೆಯುವಂತಿರಲಿಲ್ಲ. ಪ್ರತಿಯೊಬ್ಬರೂ ಹಳೆಯ ಕಾಲದ ಒಳ್ಳೆಯ ಸಣ್ಣಕಥೆಯೊಂದನ್ನು ಆರಿಸಿಕೊಂಡು, ಎದ್ದು ನಿಂತು, ಅದರ ಹಂದರವೇನು, ಸಂಘರ್ಷ ಯಾವುದು, ವಿಪರ್ಯಾಸ ಎಲ್ಲಿದೆ, ಆಶಯವೇನು ಎಂದು ತಮ್ಮ ಬಾಯಿಂದಲೇ ಬಿಡಿಸಿ ಹೇಳಬೇಕು. ಹೇಳಿದವರು ಮುಂದಿನ ವರ್ಷವೂ ಈ ಮೇಷ್ಟ್ರ ಬಳಿಯೇ, ಈಗಿನ ಬೆಂಚಿನಲ್ಲೇ. ಹೇಳದವರು ಮಹಡಿಯ ಮೇಲಿನ ಇನ್ನೊಂದು ವಿಭಾಗಕ್ಕೆ. ಲೌಡ್‌ಸ್ಪೀಕರ್ ಆಗಲೇ ತನ್ನ ಕಥೆ ಹೇಳಿ ಗೆದ್ದಾಗಿತ್ತು. ನಮ್ಮ ರೇಡಿಯೊ ಬಾಯಿ ಬಿಡದಿದ್ದರೆ ಒಬ್ಬಳೇ ಮಹಡಿ ಹತ್ತಬೇಕಿತ್ತು. ಆ ಯೋಚನೆಗೇ ಅವಳು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಸದ್ದಿಲ್ಲದ ಊಟ ಅಂದರೆ ಯಾರಿಗೋ ಹುಷಾರಿಲ್ಲ ಅಂತಲೇ ಅರ್ಥ.

ನಮ್ಮದು ಹೊಲಿಗೆ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೊದಲು ಅತ್ತೆ ನಡೆಸುತ್ತಿದ್ದರು. ಈಗ ಮಿಷನ್ ನನ್ನದು, ಕಾಜಾ ಮತ್ತು ಗುಂಡಿ ಅತ್ತೆಯದು, ಅಭಿಪ್ರಾಯಗಳೂ ಅತ್ತೆಯವೇ. ನಮ್ಮ ಮನೆಯವರು ಬೇಕರಿಯಲ್ಲಿ ರಾತ್ರಿ ಪಾಳಿ ಮಾಡುತ್ತಾರೆ. ಊರು ಏಳುವ ಹೊತ್ತಿಗೆ ಮೈಯೆಲ್ಲ ಮೈದಾಹಿಟ್ಟು ಮಾಡಿಕೊಂಡು ಬಂದು ಮಲಗುತ್ತಾರೆ. ನಾವಿಬ್ಬರೂ ಒಟ್ಟಿಗೆ ಎಚ್ಚರವಾಗಿರುವುದು ಸಂಜೆಯ ಸ್ವಲ್ಪ ಹೊತ್ತು ಮಾತ್ರ. ಅದರಲ್ಲೂ ಅರ್ಧ ಹೊತ್ತು ಅವರು ಆಕಳಿಸುತ್ತಿರುತ್ತಾರೆ, ಉಳಿದರ್ಧ ನಾನು.

ಮಗಳು ಆರಿಸಿಕೊಂಡ ಕಥೆ, ತೀರಿಹೋದ ಮಾವನವರ ಪೆಟ್ಟಿಗೆಯಲ್ಲಿದ್ದ ಹಳೆಯ ಕಥಾಸಂಕಲನದ್ದು, ಅದರ ಕಟ್ಟಕಡೆಯ ಕಥೆ. ಶಾಲೆಯಿಂದ ಬಂದು ಅಂಗಡಿಯ ಕತ್ತರಿಸುವ ಮೇಜಿನ ಕೆಳಗೆ ಕಾಲು ಚಾಚಿ ಕೂತು ಓದುತ್ತಿದ್ದಳು. ಓದಿದಷ್ಟನ್ನೂ ಆಗಾಗಲೇ ನಮಗೆ ಪ್ರಸಾರ ಮಾಡುತ್ತಿದ್ದಳು. ಹಾಗಾಗಿ ನಾನು ಪುಸ್ತಕ ಮುಟ್ಟದೆಯೇ ಆ ಕಥೆಯೊಳಗೆ ಸಿಕ್ಕಿಕೊಂಡೆ.

ಒಂದು ಊರು. ಆ ಊರಲ್ಲಿ ಕಳ್ಳರೇ ಇಲ್ಲ. ಅಲ್ಲೊಬ್ಬ ಬೀಗ ಮಾಡುವವನು. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ, ಆದರೆ ಬಾಗಿಲು ಮುಂದೆ ತಳ್ಳಿ ಮಲಗುವ ಊರಿಗೆ ಬೀಗ ಯಾಕೆ? ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತು ಕೂತು ಸಾಕಾಗಿ, ಒಂದು ರಾತ್ರಿ ಯಾರದೋ ಮನೆಯಿಂದ ಒಂದು ಚಮಚ ಎತ್ತಿಕೊಂಡು ಬರುತ್ತಾನೆ. ಚಮಚ ಬೇಕು ಅಂತಲ್ಲ, ಊರಿಗೆ ಒಂದಿಷ್ಟು ಹೆದರಿಕೆ ಹುಟ್ಟಲಿ ಅಂತ. ಮರುದಿನವೇ ಮೊದಲ ಬೀಗ ಮಾರಿಹೋಗುತ್ತದೆ. ಆಮೇಲೆ ಒಂದು ಟೋಪಿ, ಒಂದು ಕನ್ನಡಿ. ಬೀಗದ ಮೇಲೆ ಬೀಗ. ಆದರೆ ತೊಡಕು ಏನೆಂದರೆ, ಬೀಗ ಹಾಕಿದ ಮನೆಗೆ ಅವನು ನುಗ್ಗುವ ಹಾಗಿಲ್ಲ. ತಾನು ಮಾಡಿದ ಬೀಗವನ್ನು ಕಳ್ಳ ತೆರೆದ ಅಂತಾದರೆ ಕೆಟ್ಟ ಹೆಸರು ಬರುವುದು ತನಗೇ. ಹೀಗೆ ಕದಿಯಲು ಉಳಿದ ಮನೆಗಳು ಕಡಿಮೆಯಾಗುತ್ತ ಆಗುತ್ತ ಕಡೆಗೆ ಊರ ಮುಖ್ಯಸ್ಥನ ಮನೆಯೊಂದೇ ಬೀಗವಿಲ್ಲದೆ ಉಳಿಯುತ್ತದೆ. ಅಲ್ಲಿಗೆ ಹೋಗುತ್ತಾನೆ. ಬಾಗಿಲು ತಳ್ಳುತ್ತಾನೆ. ಒಳಗೆ ಕತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮುಖ್ಯಸ್ಥ, “ಬಾ, ನಿನ್ನನ್ನೇ ಕಾಯ್ತಾ ಇದ್ದೆ” ಅನ್ನುತ್ತಾನೆ.

ಅಲ್ಲಿಗೆ ರೇಡಿಯೊ ಗಪ್ಪಾಯಿತು.

“ಆಮೇಲೆ?” ಅತ್ತೆ ಸೂಜಿ ಹಿಡಿದ ಕೈಯನ್ನು ಹಾಗೇ ಮೇಲೆ ನಿಲ್ಲಿಸಿ ಕೇಳಿದರು.

“ಆಮೇಲೆ ರಟ್ಟು ಅಜ್ಜಿ. ಪುಟಾನೇ ಇಲ್ಲ.”

ಪುಸ್ತಕ ತೆಗೆದುಕೊಂಡು ನೋಡಿದೆ. ಕೊನೆಯ ಹಾಳೆ ಹರಿದದ್ದಲ್ಲ, ಹೊಲಿಗೆಯ ಬುಡದವರೆಗೆ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ನಮ್ಮ ಮನೆಯಲ್ಲಿ ಅಷ್ಟು ನೇರವಾಗಿ ಕತ್ತರಿ ಆಡಿಸುವವರು ಇಬ್ಬರೇ. ನಾನಲ್ಲ. ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆಯ ಮೊಳೆ ನೋಡಿದರು.

ಆ ಮೊಳೆಯ ಬಗ್ಗೆ ಎರಡು ಮಾತು ಹೇಳಬೇಕು. ತೋಳು, ಜೇಬು, ಪಟ್ಟಿ ಎಲ್ಲದಕ್ಕೂ ನಮ್ಮಲ್ಲಿ ಅಳತೆಯ ಕಾಗದಗಳಿವೆ; ಬಟ್ಟೆಯ ಮೇಲಿಟ್ಟು, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸುವುದು. ಎಲ್ಲಕ್ಕೂ ತೂತು ಮಾಡಿ ಆ ಮೊಳೆಗೆ ನೇತುಹಾಕಿರುತ್ತೇವೆ. ಅದರಲ್ಲಿ ಕಾಲರಿನದು ಒಂದಿದೆ, ಹಳದಿಯಾದ ಗಟ್ಟಿ ಕಾಗದದ್ದು. ಅದು ಅರ್ಧ ಕಾಲರ್ ಮಾತ್ರ. ಬಟ್ಟೆಯನ್ನು ಮಡಚಿ, ಮಡಿಕೆಗೆ ಸರಿಯಾಗಿ ಇಟ್ಟು ಕತ್ತರಿಸಿ, ಬಿಡಿಸಿದರೆ ಪೂರ್ತಿ ಕಾಲರ್. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾನು ಹೊಲಿದ ಶಾಲೆಯ ಶರ್ಟುಗಳೆಲ್ಲ ಅದರಿಂದಲೇ ಆದವು. ದಿನಾ ಕೈಯಲ್ಲಿ ಹಿಡಿದರೂ ಅದರ ಮೇಲೆ ಅಕ್ಷರಗಳಿವೆ ಎಂದು ಯಾವತ್ತೂ ಕಣ್ಣಿಗೆ ಬಿದ್ದಿರಲಿಲ್ಲ.

“ಆ ಕಾಗದ ಗಟ್ಟಿ ಇತ್ತು,” ಅಂದರು ಅತ್ತೆ. “ನ್ಯೂಸ್‌ಪೇಪರ್ ಎರಡು ಸಲಕ್ಕೇ ಪಿಸಿದು ಹೋಗುತ್ತೆ. ನಿಮ್ಮ ಮಾವ ಓದಿ ಮುಗಿಸಿದ್ರಲ್ಲ, ಇನ್ನು ಯಾರಿಗೆ ಬೇಕು ಅಂದ್ಕೊಂಡೆ.”

ಮಗಳು ಮೊಳೆಯಿಂದ ಕಾಲರ್ ಇಳಿಸಿ, ಸೀಮೆಸುಣ್ಣದ ಪುಡಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದಳು. ಪ್ರತಿ ಸಾಲಿನಲ್ಲೂ ಎರಡು ಮೂರು ಪದಗಳಷ್ಟೇ ಉಳಿದಿದ್ದವು. ‘ರಾತ್ರಿ ಎಚ್ಚರವಾಗಿರು’ ಅಂತ ಒಂದು ಕಡೆ. ‘ಸಂಬಳ’ ಅಂತ ಇನ್ನೊಂದು ಕಡೆ. ಕೆಳಗೆ ‘ಒಂದು ಕಳವೂ’. ಕಾಲರಿನ ತುದಿ ಚೂಪಾಗುವ ಜಾಗದಲ್ಲಿ, ಸೂಜಿಮೊನೆಯಷ್ಟು ಉಳಿದ ಮೂಲೆಯಲ್ಲಿ, ‘ಮತ್ತೆ ಕತ್ತ’.

ಕಥೆ ಬದಲಾಯಿಸೋಣವೆಂದರೆ ಹೆಸರು ಆಗಲೇ ಮೇಷ್ಟ್ರಿಗೆ ಕೊಟ್ಟಾಗಿತ್ತು. ಗ್ರಂಥಾಲಯದಲ್ಲಿ ಅದೇ ಪುಸ್ತಕ ಇತ್ತಂತೆ, ಯಾರೋ ತೆಗೆದುಕೊಂಡು ಹೋಗಿದ್ದರಂತೆ. ಫೋನಿನಲ್ಲಿ ಹುಡುಕಿದರೆ ಆ ಕಥೆಯನ್ನು ಹೊಗಳಿದ ಲೇಖನಗಳು ಬೇಕಾದಷ್ಟು ಸಿಕ್ಕವು. ಎಲ್ಲರೂ ಮುಖ್ಯಸ್ಥನ ಬಾಗಿಲವರೆಗೆ ಕರೆದುಕೊಂಡು ಹೋಗಿ, ಮುಂದಿನದನ್ನು ಓದುಗರೇ ಓದಿ ಸವಿಯಲಿ ಎಂದು ಕೈತೊಳೆದುಕೊಂಡಿದ್ದರು. ಇಷ್ಟು ಒಳ್ಳೆಯ ಮನಸ್ಸಿನ ಜನ ಒಂದೇ ಸಲಕ್ಕೆ ಸಿಕ್ಕಿದ್ದು ನನಗೆ ಅದೇ ಮೊದಲು.

ಅತ್ತೆ ಮಾತ್ರ ಗಾಬರಿಯಾಗಲಿಲ್ಲ. ಕೊನೆ ತನಗೆ ಗೊತ್ತು ಅಂದರು. ಓದದೆ ಯಾರಾದರೂ ಕತ್ತರಿಸುತ್ತಾರೆಯೇ ಎಂದು ನನ್ನನ್ನೇ ಕೇಳಿದರು. ಅವರ ಪ್ರಕಾರ ಮುಖ್ಯಸ್ಥ ಅವನ ಕುತ್ತಿಗೆ ಪಟ್ಟಿ ಹಿಡಿದು ಎಳೆದೊಯ್ದು, ಅವನೇ ಮಾಡಿದ ಬೀಗ ಹಾಕಿದ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಮಾಡಿದವರು ಉಣ್ಣಲೇಬೇಕು, ಅದೇ ಆಶಯ, ಬರೆದುಕೋ ಅಂದರು. ಹಾಗಾದರೆ ಸಂಬಳ ಎಲ್ಲಿಂದ ಬಂತು ಅಂತ ನಾನು ಕೇಳಿದೆ. ಜೈಲಿನಲ್ಲೂ ಕೆಲಸ ಕೊಡುತ್ತಾರೆ ಅಂದರು. ಅತ್ತೆಯನ್ನು ಮಾತಿನಲ್ಲಿ ಹಿಡಿಯುವುದು ಒದ್ದೆ ಸೋಪು ಹಿಡಿದ ಹಾಗೆ.

ನನಗೆ ಅದು ಒಪ್ಪಿಗೆಯಾಗಲಿಲ್ಲ. ರಾತ್ರಿ ಎಚ್ಚರ, ಸಂಬಳ, ಒಂದು ಕಳವೂ ಇಲ್ಲ; ಸೇರಿಸಿ ನೋಡಿದರೆ ಮುಖ್ಯಸ್ಥ ಅವನನ್ನೇ ಊರ ಕಾವಲಿಗೆ ಇಟ್ಟುಕೊಂಡಿರಬೇಕು. ಅವನು ನೆಟ್ಟಗಾಗಿರಬೇಕು. ಮನುಷ್ಯನಿಗೆ ಕೈತುಂಬ ಕೆಲಸ, ತಿಂಗಳಿಗೆ ಸಂಬಳ ಅಂತ ಇದ್ದರೆ ಅವನು ಯಾಕೆ ಇನ್ನೊಬ್ಬರ ಚಮಚ ಕದಿಯುತ್ತಾನೆ? ನಾನು ಹಾಗೆ ಹೇಳಿದ್ದಕ್ಕೆ ಅತ್ತೆ, ನೀನು ಎಲ್ಲವನ್ನೂ ರಿಪೇರಿ ಮಾಡಬಹುದು ಅಂದುಕೊಂಡಿದ್ದೀಯ, ಕೆಲವು ಬಟ್ಟೆ ಒರೆಸೋಕೇ ಸರಿ ಅಂದರು.

ಅಷ್ಟರಲ್ಲಿ ನಮ್ಮ ಮನೆಯವರು ಎದ್ದು, ಕಣ್ಣುಜ್ಜುತ್ತ, ಚಹಾ ಲೋಟ ಹಿಡಿದು ಬಂದರು. ಮಗಳು ಮೊದಲಿಂದ ಕಥೆ ಹೇಳಿದಳು. ಅವರು ಗಂಭೀರವಾಗಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿದರು.

“ಅವನು ಮಲಗಿಬಿಡ್ತಾನೆ,” ಅಂದರು.

“ಯಾರಪ್ಪ?”

“ಬೀಗದವನು. ಹಗಲು ಅಂಗಡಿ, ರಾತ್ರಿ ಕಳ್ಳತನ. ನಿದ್ದೆ ಯಾವಾಗ ಮಾಡ್ತಾನೆ ಪಾಪ? ಮುಖ್ಯಸ್ಥ ಬಾ ಕೂತ್ಕೋ ಅಂದ ತಕ್ಷಣ ಕುರ್ಚಿ ಮೇಲೇ ನಿದ್ದೆ ಹೋಗ್ತಾನೆ. ಬೆಳಿಗ್ಗೆವರೆಗೂ ಮುಖ್ಯಸ್ಥ ಎಬ್ಬಿಸಲ್ಲ. ಒಳ್ಳೆ ಮನುಷ್ಯ.” ಆಶಯ ಏನು ಎಂದು ಕೇಳಿದ್ದಕ್ಕೆ, ಆಶಯ ಅದೇ, ಎಬ್ಬಿಸಬಾರದು ಅಂದರು. ಚಹಾ ಮುಗಿಸಿ ಕೆಲಸಕ್ಕೆ ಹೊರಟರು.

ಆಮೇಲೆ ಅತ್ತೆಗೂ ನನಗೂ ಮಾತು ಬೆಳೆಯಿತು. ಕಥೆಯಿಂದ ಶುರುವಾದದ್ದು ಕಾಗದಕ್ಕೆ ಬಂತು, ಕಾಗದದಿಂದ ಕತ್ತರಿಗೆ, ಕತ್ತರಿಯಿಂದ, ಈ ಮನೆಗೆ ಬಂದಾಗ ನನಗೆ ನೆಟ್ಟಗೆ ಕಾಲರ್ ಕೂರಿಸಲೂ ಬರುತ್ತಿರಲಿಲ್ಲ ಎನ್ನುವ ಹಳೆಯ ವಿಷಯಕ್ಕೆ. ಮಗಳು ಮೇಜಿನ ಕೆಳಗೆ ಕೂತು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಅವಳ ಗೋಳು ಇಬ್ಬರಿಗೂ ಮರೆತೇ ಹೋಗಿತ್ತು. ನಾಡಿದ್ದು ಅವಳ ಸರದಿ, ಕೈಯಲ್ಲಿ ಕೊನೆಯಿಲ್ಲದ ಕಥೆ. ನಾನು ಮಿಷನ್ ನಿಲ್ಲಿಸಿ, ಹೇಳಿಕೊಟ್ಟರೆ ಹೇಳುತ್ತೀಯಾ ಎಂದು ಕೇಳಿದೆ. ಹೇಳುವುದೇನೋ ಗೊತ್ತಮ್ಮ, ಎಲ್ಲರೂ ನನ್ನನ್ನೇ ನೋಡಿದರೆ ಗಂಟಲಲ್ಲಿ ಯಾರೋ ಗುಂಡಿ ಹಾಕಿದ ಹಾಗಾಗುತ್ತದೆ ಅಂದಳು. ಗುಂಡಿ ಬಿಚ್ಚುವುದು ಹೇಗೆ ಎಂದು ನನಗೂ ತಿಳಿಯಲಿಲ್ಲ.

ಅವಳ ಸರದಿಯ ದಿನ ಬೆಳಿಗ್ಗೆ ಅಂಗಡಿಯಲ್ಲಿ ಇನ್ನೊಂದು ರಾಮಾಯಣ. ಮೊಳೆಯಲ್ಲಿ ತೋಳಿದೆ, ಜೇಬಿದೆ, ಕಾಲರ್ ಇಲ್ಲ. ಶಾಲೆಯ ಶರ್ಟುಗಳ ರಾಶಿ ಕತ್ತರಿಸಲು ಕಾಯುತ್ತ ಬಿದ್ದಿತ್ತು. ಅತ್ತೆ ಎಲ್ಲೋ ಬಚ್ಚಿಟ್ಟಿದ್ದಾರೆ ಎಂದು ನಾನು, ನಾನು ಕಸಕ್ಕೆ ಹಾಕಿದ್ದೇನೆ ಎಂದು ಅತ್ತೆ. ಮಿಷನ್ನಿನ ಅಡಿ, ಚಿಂದಿಯ ಚೀಲ, ಇಸ್ತ್ರಿ ಮೇಜಿನ ಹಿಂದೆ ಹುಡುಕಿ ಹುಡುಕಿ ಸಾಕಾಯಿತು. ಅಷ್ಟರಲ್ಲಿ ಹೊತ್ತಾಯಿತು. ಮಕ್ಕಳು ಮಾತಾಡುವಾಗ ಮನೆಯವರೊಬ್ಬರು ಬಂದು ಹಿಂದೆ ಕೂರಬಹುದು ಎಂದು ಮೇಷ್ಟ್ರು ಹೇಳಿದ್ದರು. ಅಂಗಡಿಯನ್ನು ಅತ್ತೆಗೆ ಒಪ್ಪಿಸಿ ಓಡಿದೆ.

ತರಗತಿಯ ಹಿಂದಿನ ಬೆಂಚು ಮಕ್ಕಳದು. ಮಂಡಿಯನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಕೂತ ಮೇಲೆ ಕೊರಳಿಗೆ ಕೈ ಹೋದರೆ, ಅಳತೆಯ ಟೇಪು ಅಲ್ಲೇ ನೇತಾಡುತ್ತಿತ್ತು. ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಮುಂದೆ ಸಾಲುಸಾಲಾಗಿ ತಲೆಗಳು, ತಲೆಗಳ ಕೆಳಗೆ ಕಾಲರುಗಳು. ಅರ್ಧಕ್ಕಿಂತ ಹೆಚ್ಚು ನಮ್ಮ ಅಂಗಡಿಯವೇ. ನನ್ನ ಹೊಲಿಗೆ ನನಗೆ ದೂರದಿಂದಲೇ ಗೊತ್ತಾಗುತ್ತದೆ.

ಮೇಷ್ಟ್ರು ಮಗಳ ಹೆಸರು ಕರೆದರು. ಅವಳು ಮುಂದೆ ಹೋಗಿ ನಿಂತಳು. ಕಥೆಯ ಹೆಸರನ್ನು ಮೇಷ್ಟ್ರೇ ಹೇಳಿದರು. ಅವಳು ಬಾಯಿ ತೆರೆದಳು. ಮುಚ್ಚಿದಳು. ಕಿವಿಯ ತುದಿ ಕೆಂಪಾಯಿತು. ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದ ಸದ್ದು ಪೂರ್ತಿ ಕೇಳಿಸಿತು. ಲೌಡ್‌ಸ್ಪೀಕರ್ ತಡೆಯಲಾರದೆ ಅರ್ಧ ಎದ್ದಳು. ಮೇಷ್ಟ್ರು ಒಂದು ಬೆರಳೆತ್ತಿದರು, ಅವಳು ಕೂತಳು. ಎಷ್ಟು ಹೊತ್ತು ಹಾಗೇ ಕಳೆಯಿತೋ. ಟೇಪಿನ ತಗಡಿನ ತುದಿ ನನ್ನ ಅಂಗೈಯಲ್ಲಿ ನಾಟಿತ್ತು. ಪಾಪ ಎನಿಸಿರಬೇಕು, ಮೇಷ್ಟ್ರು ಮೆತ್ತಗೆ, ಎಲ್ಲಾ ಬೇಡ, ಕೊನೆಗೆ ಏನಾಯಿತು ಅಷ್ಟು ಹೇಳು ಸಾಕು ಅಂದರು.

ಕೇಳಬಾರದ್ದನ್ನೇ ಕೇಳಿದರು ಎಂದುಕೊಂಡೆ. ಮಗಳು ಮೇಷ್ಟ್ರನ್ನು ನೋಡಿದಳು, ನೆಲ ನೋಡಿದಳು, ಆಮೇಲೆ ಜೇಬಿನಿಂದ ಏನನ್ನೋ ನಿಧಾನವಾಗಿ ಎಳೆದು ಬಿಡಿಸಿ ಹಿಡಿದಳು. ಹಳದಿ ಕಾಗದ, ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಮೊಳೆಯ ತೂತು.

“ಅಯ್ಯೋ, ಅದು ನನ್ನ ಕಾಲರ್,” ಅಂದೆ.

ಮನಸ್ಸಿನಲ್ಲಿ ಅಂದೆ ಎಂದುಕೊಂಡಿದ್ದೆ. ಇಡೀ ತರಗತಿ ಹಿಂದೆ ತಿರುಗಿತು. ಒಬ್ಬಳೇ ಒಬ್ಬಳು ತಿರುಗಬೇಕಾಗಿರಲಿಲ್ಲ. ಅವಳು ಮೊದಲೇ ನನ್ನ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ಹುಬ್ಬು ಮನೆಯಲ್ಲಿ ಗಂಟಿಕ್ಕುವ ಹಾಗೇ ಗಂಟಿಕ್ಕಿತು.

“ಇರಮ್ಮ, ಕೊಡ್ತೀನಿ. ಎಲ್ಲಿ ಓಡಿ ಹೋಗುತ್ತೆ ನಿನ್ನ ಕಾಲರ್?”

ಆ ತರಗತಿ ಅವಳಿಂದ ಕೇಳಿದ ಮೊದಲ ಮಾತು ಅದು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ತನ್ನ ದನಿ ತನಗೇ ಕೇಳಿಸಿ ಅವಳೂ ಒಂದು ಕ್ಷಣ ಬೆಚ್ಚಿದಳು. ಅಷ್ಟರಲ್ಲಿ ಗುಂಡಿ ಬಿಚ್ಚಿಹೋಗಿತ್ತು.

“ಸರ್, ಕೊನೆ ಇದೇ. ನಮ್ಮಜ್ಜಿ ಇದನ್ನ ಕಾಲರ್ ಮಾಡಿದ್ದಾರೆ,” ಅಂದಳು. ಅಲ್ಲಿಂದ ಶುರುವಾಯಿತು ನೋಡಿ. ಹಂದರ ಹೇಳಿದಳು, ಚಮಚದಿಂದ ಮುಖ್ಯಸ್ಥನ ಕುರ್ಚಿಯವರೆಗೆ ಒಂದು ಎಳೆ ತಪ್ಪದೆ. ಸಂಘರ್ಷ ಕಳ್ಳನಿಗೂ ಊರಿಗೂ ಅಲ್ಲ ಅಂದಳು. ಕದ್ದರೆ ಬೀಗ ಮಾರಿಹೋಗುತ್ತದೆ, ಬೀಗ ಮಾರಿದರೆ ಕದಿಯುವ ಹಾಗಿಲ್ಲ, ಹಾಗಾಗಿ ಅವನೊಳಗಿನ ಕಳ್ಳನಿಗೂ ಕೆಲಸಗಾರನಿಗೂ ಜಗಳ ಅಂದಳು. ನಾನು ಮಿಷನ್ ತುಳಿಯುತ್ತ ಕೇಳಿದ ಕಥೆಯಲ್ಲಿ ಅದೆಲ್ಲ ಇತ್ತೇ ಎನಿಸಿತು. ಆಮೇಲೆ ಮನೆಯ ಮಾನ ಹರಾಜಿಗೆ ಬಂತು. ಅಜ್ಜಿಯ ಕೊನೆ, ಅಮ್ಮನ ಕೊನೆ, ಅಪ್ಪ ನಿದ್ದೆಗಣ್ಣಲ್ಲಿ ಕೊಟ್ಟ ಕೊನೆ, ಒಂದೊಂದನ್ನೂ ಅವರವರ ದನಿಯಲ್ಲೇ ಹೇಳಿದಳು. ಅಪ್ಪನ ಆಕಳಿಕೆಗೆ ಮೇಷ್ಟ್ರೂ ಆಕಳಿಸಿದರು.

“ಮೂರರಲ್ಲಿ ಆಶಯ ಯಾವುದು?” ಎಂದು ಕೇಳಿದರು ಅವರು.

“ಗೊತ್ತಿಲ್ಲ ಸರ್. ಅಜ್ಜಿಗೆ ಯಾರಾದ್ರೂ ತಪ್ಪು ಮಾಡಿದ್ರೆ ಬಿಡೋಕಾಗಲ್ಲ. ಅಮ್ಮನಿಗೆ ಎಲ್ಲಾನೂ ಸರಿ ಮಾಡ್ಬೇಕು. ಅಪ್ಪನಿಗೆ ನಿದ್ದೆ ಬೇಕು. ಕೊನೆ ಇಲ್ಲ ಅಂದ್ರೆ ಎಲ್ಲರೂ ಅವರವರದೇ ಹೊಲ್ಕೊಳ್ತಾರೆ.”

ನಾನು ಟೇಪು ಸುತ್ತುತ್ತ ಕೂತೆ. ಎಲ್ಲಾನೂ ಸರಿ ಮಾಡಬೇಕು ಎನ್ನುವವಳು ನಾನು ಎಂದು ಅವಳಿಗೆ ಯಾವಾಗ ಗೊತ್ತಾಯಿತೋ.

ಮೇಷ್ಟ್ರು ಬಿಡಲಿಲ್ಲ, ವಿಪರ್ಯಾಸ ಉಳಿಯಿತಲ್ಲ ಎಂದರು. ಅವಳು ತನ್ನ ಶರ್ಟಿನ ಕಾಲರನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿದಳು. ಕೊನೆ ಸಿಗಲಿಲ್ಲ ಅಂತ ಅತ್ತಿದ್ದೇ ಅತ್ತಿದ್ದು ಸರ್, ಅದನ್ನು ಕುತ್ತಿಗೆಗೆ ಹಾಕಿಕೊಂಡೇ ಅಳ್ತಿದ್ದೆ ಅಂದಳು. ನೀನೂ ಹಾಕಿಕೊಂಡಿದ್ದೀಯ, ನೀನೂ, ಕಿಟಕಿ ಪಕ್ಕದವನೂ ಎಂದು ಬೆರಳು ತೋರಿಸುತ್ತ ಹೋದಳು. ಮಕ್ಕಳ ಕೈಗಳೆಲ್ಲ ತಮ್ಮ ತಮ್ಮ ಕುತ್ತಿಗೆಗೆ ಹೋದವು. ಕಥೆಯಲ್ಲಿರುವ ವಿಪರ್ಯಾಸ ಕೇಳಿದೆ ತಾಯಿ ಎಂದು ಮೇಷ್ಟ್ರು ಹೇಳಲು ಹೊರಟವರು ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೂ ಅವಳು ನಿಲ್ಲಿಸಲಿಲ್ಲ. ಮುಂದಿನ ಹುಡುಗನ ಸರದಿ ಬರಬೇಕೆಂದು ಅವರೇ ಕೈಮುಗಿದು ಕೂರಿಸಬೇಕಾಯಿತು. ಲೌಡ್‌ಸ್ಪೀಕರ್ ಅವಳಿಗೆ ಜಾಗ ಬಿಡಲು ಬೆಂಚಿನ ತುದಿಗೆ ಸರಿದಳು. ಮುಂದಿನ ವರ್ಷವೂ ಅಲ್ಲೇ ಸರಿಯುತ್ತಾಳೆ.

ಹೊರಡುವಾಗ ಮೇಷ್ಟ್ರು ಮೇಜಿನ ಡ್ರಾಯರಿನಿಂದ ಪುಸ್ತಕವೊಂದನ್ನು ತೆಗೆದು ಕೊಟ್ಟರು. ಗ್ರಂಥಾಲಯದಿಂದ ತಂದಿಟ್ಟುಕೊಂಡಿದ್ದವರು ಅವರೇ. ಆಶಯ ಒಂದನ್ನೂ ಗಟ್ಟಿಯಾಗಿ ಹಿಡಿಯಲಿಲ್ಲವೆಂದು ಸ್ವಲ್ಪ ಅಂಕ ಹಿಡಿದುಕೊಂಡಿದ್ದೇನೆ, ಓದಿಕೊಂಡು ಬಂದು ಹೇಳಿದರೆ ಕೊಡುತ್ತೇನೆ ಅಂದರು. ಆ ಸ್ವಲ್ಪ ಅಂಕಕ್ಕಾಗಿ ಮಗಳು ದಾರಿಯುದ್ದಕ್ಕೂ ವಾದ ಮಾಡಿದಳು. ನನ್ನ ಜೊತೆ, ಮೇಷ್ಟ್ರಿಲ್ಲದ ಕಾರಣ.

ಸಂಜೆ ಅಂಗಡಿಯಲ್ಲೇ ಓದಿದಳು. ನಮ್ಮ ಮನೆಯವರು ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲಿಗೆ ಒರಗಿ ನಿಂತರು, ಅತ್ತೆ ಕಾಜಾ ಹೊಲಿಯುವುದು ಬಿಟ್ಟು ಕೂತರು. ಮುಖ್ಯಸ್ಥ ಅವನಿಗೆ ಹೇಳುತ್ತಾನೆ: ಊರಲ್ಲಿ ಕಳ್ಳರ ಕಾಟ ಹೆಚ್ಚಾಗಿದೆ, ರಾತ್ರಿ ಎಚ್ಚರವಾಗಿರುವವನು ನೀನೊಬ್ಬನೇ ಅಂತ ಕಾಣುತ್ತೆ, ಕಾವಲಿಗೆ ನಿಲ್ಲು, ಸಂಬಳ ಕೊಡುತ್ತೇವೆ. ಅವನು ನಿಲ್ಲುತ್ತಾನೆ. ಅಲ್ಲಿಂದ ಒಂದು ಕಳವೂ ಇಲ್ಲ. ಊರು ನೆಮ್ಮದಿಯಾಗಿ ಮಲಗುತ್ತದೆ. ಬೀಗಗಳಿಗೆ ತುಕ್ಕು ಹಿಡಿಯುತ್ತದೆ. ಕಳ್ಳತನವೇ ಇಲ್ಲದ ಊರಿಗೆ ಕಾವಲಿನ ಖರ್ಚು ಯಾಕೆ ಎಂದು ಒಂದು ದಿನ ಊರಿನವರು ಸಭೆ ಸೇರಿ, ಅವನಿಗೆ ಶಾಲು ಹೊದಿಸಿ, ಹೊಗಳಿ, ಮನೆಗೆ ಕಳಿಸುತ್ತಾರೆ. ಅವನು ಅಂಗಡಿಯ ಬಾಗಿಲು ತೆಗೆದು ಕೂರುತ್ತಾನೆ. ಬೀದಿಯಲ್ಲಿ ಬಾಗಿಲುಗಳೆಲ್ಲ ತೆರೆದೇ ಇವೆ. ಹೊರಗೆ ಮತ್ತೆ ಕತ್ತಲಾಗುತ್ತಿದೆ.

ಪಾಪ, ಮತ್ತೆ ನೈಟ್ ಡ್ಯೂಟಿ ಎಂದು ನಮ್ಮ ಮನೆಯವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

“ನಾನು ಹೇಳಿದ್ದೂ ಹೆಚ್ಚು ಕಮ್ಮಿ ಇದೇ,” ಅಂದರು ಅತ್ತೆ.

ನಾನು ಬಾಯಿ ಬಿಡುವಷ್ಟರಲ್ಲಿ ಅವರು ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು, ಕೊನೆಯ ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಬಟ್ಟೆ ಅಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ ಮೆಲ್ಲಗೆ ಉಜ್ಜಿ ನೋಡಿದರು. ಹಳೆಯ ಕಾಲರಿನ ತುದಿ ಸವೆದಿದೆ, ಮೊಳೆಯ ತೂತು ದೊಡ್ಡದಾಗಿದೆ ಎಂದು, ಶಾಲೆಯಿಂದ ತಂದು ಅದನ್ನು ಮತ್ತೆ ಮೊಳೆಗೆ ಹಾಕುವಾಗ ನಾನೇ ಹೇಳಿದ್ದೆ.

“ಒಳ್ಳೆ ಕಾಗದ ಕಣೇ,” ಅಂದರು.

ಪುಸ್ತಕ ಕಿತ್ತುಕೊಂಡು, ಬೀರುವಿನಲ್ಲಿಟ್ಟು, ಕೀಲಿ ತಿರುಗಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅತ್ತೆ ಸೂಜಿಗೆ ದಾರ ಪೋಣಿಸುತ್ತ, ಕಳ್ಳರೇ ಇಲ್ಲದ ಮನೆಯಲ್ಲಿ ಬೀಗ ಯಾಕೋ ಎಂದು ಯಾರಿಗೋ ಹೇಳುವ ಹಾಗೆ ಹೇಳಿದರು. ಮೇಜಿನ ಕೆಳಗಿನಿಂದ ಮಗಳು, ಅದಕ್ಕೆ ಏನು ಹೆಸರು ಹೇಳು ಅಜ್ಜಿ, ಸಂಘರ್ಷವೋ ವಿಪರ್ಯಾಸವೋ, ಮೇಷ್ಟ್ರು ಕೇಳ್ತಾರೆ, ಏನು ಹೆಸರು ಎಂದು ಶುರುಮಾಡಿದಳು. ಅವಳು ಇನ್ನೂ ನಿಲ್ಲಿಸಿಲ್ಲ.